ಎರಡೂವರೆ ಮಾರಿನ ಮಷಿನ್ನು

ಕೃಷಿ ಮೇಳದಲ್ಲಿ ಕಾಕಾ ಎರಡೂ ಕೈ ಚಾಚಿ ಭತ್ತ ಕೊಯ್ಯುವ ಮಷಿನ್ನಿನ ಮುಂದೆ ನಿಂತಾಗ, ಹಿಂದೆ ಸರದಿಯಲ್ಲಿದ್ದ ಹುಡುಗರು ಇವನೂ ಫೋಟೊಕ್ಕೇ ನಿಂತಿದ್ದಾನೆ ಅಂದುಕೊಂಡರು. "ಯಜಮಾನ್ರ, ಲಗೂನ ಮುಗಸ್ರಿ, ನಮ್ದೂ ಐತಿ" ಅಂತ ಒಬ್ಬ ಕೂಗಿದ. ಕಾಕಾ ತಿರುಗಿ ನೋಡಲಿಲ್ಲ. ಮಷಿನ್ನಿನ ಮುಂದಿನ ಕಟರಿನ ಒಂದು ತುದಿಗೆ ಬೆರಳು ಹಚ್ಚಿ ಒಂದು ಮಾರು, ಸರಿದು ಮತ್ತೊಂದು ಮಾರು, ಆಮೇಲೆ ಅರ್ಧ. "ಎರಡೂವರಿ ಮಾರು ಆತಲೋ" ಅಂದ ನನಗೆ. ಸ್ಟಾಲಿನ ಹುಡುಗ ನಕ್ಕು "14 ಫೂಟ್ ಅದರಿ, ಇಲ್ಲೇ ಬರದೈತಲ್ರಿ" ಅಂತ ಬೋರ್ಡು ತೋರಿಸಿದ. ಬೋರ್ಡು ನಂಬುವ ಮನುಷ್ಯ ಅಲ್ಲ ನಮ್ಮ ಕಾಕಾ. ಅಂಗಡಿಯಲ್ಲಿ ಕೊಂಡ ಪೈಪನ್ನೂ ಮನೆಗೆ ತಂದು ಮೊಳ ಹಾಕಿ ನೋಡುವವನು.

ರಾಯಚೂರು ಕೃಷಿ ವಿಶ್ವವಿದ್ಯಾಲಯದ ಮೇಳಕ್ಕೆ ಸಿಂಧನೂರು ಕಡೆಯ ನಾವು ಹೋಗುವುದು ಹೆಚ್ಚಾಗಿ ಬೀಜಕ್ಕೆ, ತೊಗರಿಯೋ ಕಡಲೆಯೋ ಹೊಸ ತಳಿ ಬಂದಿದೆಯಾ ನೋಡುವುದಕ್ಕೆ. ಧಾರವಾಡದಿಂದ ಬೇರೆಯಾಗಿ ಇಲ್ಲಿ ವಿಶ್ವವಿದ್ಯಾಲಯ ಆದದ್ದು 2008ರಲ್ಲಿ. ಮೊದಮೊದಲ ಮೇಳಗಳಲ್ಲಿ ಯಂತ್ರದ ಕಡೆ ನೋಡಿದರೆ 35, 40 ಎಚ್‌ಪಿ ಟ್ರ್ಯಾಕ್ಟರು, ಕೂರಿಗೆ, ಔಷಧಿ ಹೊಡೆಯುವ ಪಂಪು. ಈಗ ಬೀಜದ ಮಳಿಗೆ ಒಂದು ಮೂಲೆಗೆ ಸರಿದಿದೆ. ಬಾಗಿಲು ದಾಟುತ್ತಲೇ ಎದುರಾಗುವುದು ನಾಲ್ಕೂ ಗಾಲಿ ಎಳೆಯುವ ಟ್ರ್ಯಾಕ್ಟರು, ಹುಲ್ಲು ಸುತ್ತುವ ಬೇಲರು, ಏಣಿ ಹತ್ತಿ ಕೂರಬೇಕಾದ ಭತ್ತ ಕೊಯ್ಯುವ ಮಷಿನ್ನು. ಟ್ರ್ಯಾಕ್ಟರಿನ ಹಿಂದಿನ ಗಾಲಿಯ ಪಕ್ಕ ನಿಂತ ಹೈಸ್ಕೂಲು ಹುಡುಗನ ತಲೆ ಗಾಲಿಯ ಅಂಚು ಮುಟ್ಟುವುದಿಲ್ಲ. ಇಂಥದ್ದು ಬೇಕು ಅಂತ ಯಾರೂ ಕೇಳಿ ಬಂದಿರುವುದಿಲ್ಲ, ಆದರೂ ಜನ ಜಾಸ್ತಿ ಅಲ್ಲೇ.

ಸ್ಟಾಲಿನ ಹುಡುಗನಿಗೆ ಕಾಕಾನ ಮೇಲೆ ಪ್ರೀತಿ ಬಂತು ಅಂತ ಕಾಣುತ್ತದೆ. ಫೋನು ತೆಗೆದು ಅಮೆರಿಕದ ಟ್ರ್ಯಾಕ್ಟರಿನ ವಿಡಿಯೊ ತೋರಿಸಿದ. ಗಾಲಿಯ ಬದಲು ನಾಲ್ಕು ಕಡೆ ರಬ್ಬರಿನ ಚೈನು. 2024ರಲ್ಲಿ ಬಂದ ಜಾನ್ ಡಿಯರ್ 9ಆರ್‌ಎಕ್ಸ್, 830 ಎಚ್‌ಪಿ. ಕಾಕಾ ಕನ್ನಡಕ ಮೇಲೇರಿಸಿ ಪೂರ್ತಿ ನೋಡಿದ. "ಇದನ್ನ ನಮ್ಮ ಹೊಲದಾಗ ಹೊಳ್ಳಸಬೇಕಂದ್ರ ಮಾನ್ವಿಗೆ ಹೋಗಿ ಬರಬೇಕು" ಅಂದ. ಸುತ್ತ ಇದ್ದವರೆಲ್ಲ ನಕ್ಕರು, ಹುಡುಗನೂ ನಕ್ಕ.

ನಗೆ ಸರಿ, ಆದರೆ ಅಮೆರಿಕದವರು ಹುಚ್ಚರಲ್ಲ. ಅವರ 2022ರ ಕೃಷಿ ಗಣತಿ ಪ್ರಕಾರ ಒಂದು ಫಾರ್ಮಿನ ಸರಾಸರಿ ವಿಸ್ತೀರ್ಣ 463 ಎಕರೆ. ಆಳು ಕೂಲಿ ದುಬಾರಿ, ಒಬ್ಬ ಡ್ರೈವರು ಎಷ್ಟು ಹೆಚ್ಚು ನೆಲ ಹರಗಿದರೆ ಅಷ್ಟು ಲಾಭ. ನಮ್ಮ ರಾಜ್ಯದಲ್ಲಿ 2015-16ರ ಗಣತಿಯಲ್ಲಿ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಮೂರೂವರೆ ಎಕರೆಯ ಒಳಗೆ. ಅಣ್ಣತಮ್ಮಂದಿರು ಬೇರೆಯಾದಾಗಲೆಲ್ಲ ಅದು ಇನ್ನೂ ಇಳಿಯುತ್ತದೆ. ಹಾಗಿದ್ದರೆ ಇಲ್ಲಿ ಮಷಿನ್ನು ಯಾಕೆ ಬೆಳೆಯುತ್ತಿದೆ? ಕೊಳ್ಳುವವನು ಹೊಲದವನಲ್ಲ, ಅದಕ್ಕೆ. ಇದನ್ನು ಕೊಳ್ಳುವವನು ಬಾಡಿಗೆಗೆ ಬಿಡುತ್ತಾನೆ. ನಮ್ಮಲ್ಲಿ ಸುಗ್ಗಿ ಮುಗಿದ ಕೂಡಲೇ ಲಾರಿ ಹತ್ತಿಸಿ ಇನ್ನೊಂದು ಜಿಲ್ಲೆಗೆ, ಅಲ್ಲಿಂದ ಇನ್ನೊಂದು ರಾಜ್ಯಕ್ಕೆ ಒಯ್ಯುತ್ತಾನೆ. ಅವನ ಪಾಲಿಗೆ ಹೊಲ ಅಂದರೆ ಎಲ್ಲಿ ಭತ್ತ ಹಣ್ಣಾಗಿದೆಯೋ ಅಷ್ಟೂ. ಆ ಲೆಕ್ಕಕ್ಕೆ 14 ಫೂಟು ಸಣ್ಣದೇ.

ನಮಗೂ ಅದು ಬೇಕು, ಇಲ್ಲ ಅನ್ನುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಎರಡನೇ ಬೆಳೆಗೆ ನೀರು ಸಿಗುವ ವರ್ಷ, ಮೊದಲ ಬೆಳೆ ಕೊಯ್ದು ಗದ್ದೆ ಕೆಸರು ಮಾಡಿ ಮತ್ತೆ ನಾಟಿ ಮಾಡುವುದಕ್ಕೆ ಇರುವ ದಿನಗಳು ಕಡಿಮೆ. ಕುಡುಗೋಲು ಹಿಡಿದು ಕೊಯ್ದು, ಸಿವುಡು ಕಟ್ಟಿ, ಬಡಿದು, ತೂರಿ ಮುಗಿಸುವಷ್ಟು ಆಳೂ ಸಿಗುವುದಿಲ್ಲ, ಪುರುಸೊತ್ತೂ ಇಲ್ಲ. ಮಷಿನ್ನು ಒಂದು ಎಕರೆಯನ್ನು ಒಂದು ತಾಸಿನೊಳಗೆ ಕೊಯ್ದು ಕಾಳು ಸುರಿದು ಹೋಗುತ್ತದೆ. ಹಸಿ ಕಾಳು, ಹರವಿ ಒಣಗಿಸಬೇಕು ಅನ್ನುವುದು ಬೇರೆ ಮಾತು. ಡಿಸೆಂಬರಿನಲ್ಲಿ ನಮ್ಮ ಕಡೆಯ ರಸ್ತೆಗಳ ಮೇಲೆ ಅರ್ಧ ಭತ್ತ, ಅರ್ಧ ವಾಹನ. ಆವತ್ತು ಬೆಳಿಗ್ಗೆ ಪೋತ್ನಾಳದ ಆಚೀಚೆ ನಮ್ಮ ಬಸ್ಸು ಅದರ ಪಕ್ಕದಲ್ಲೇ ನಾಜೂಕಾಗಿ ಬಂದಿತ್ತು.

ಕಾಕಾನ ಪ್ರಶ್ನೆ ಇವೆಲ್ಲ ಅಲ್ಲ. "ಇದು ನನ್ನ ಹೊಲಕ್ಕ ಯಾವ ದಾರಿಲೇ ಬರತೈತಿ?" ಅಂತ ಅವನು ಆ ಹುಡುಗನನ್ನೇ ಕೇಳಿದ. ಹುಡುಗ ಎಚ್‌ಪಿ ಹೇಳಿದ, ಡೀಸೆಲ್ ಲೆಕ್ಕ ಹೇಳಿದ, ಸಬ್ಸಿಡಿ ಅಂದ, ಬ್ಯಾಂಕಿನವರು ಆ ಕಡೆ ಸ್ಟಾಲಿನಲ್ಲಿದ್ದಾರೆ ಅಂದ. ದಾರಿ ಬಗ್ಗೆ ಅವನಿಗೇನು ಗೊತ್ತಿರಬೇಕು ಪಾಪ.

ಕಾಕಾನ ಎರಡು ಎಕರೆ ಇರುವುದು ನಡುವೆ. ಮುಖ್ಯ ರಸ್ತೆಯಿಂದ ಬಂಡಿದಾರಿ, ಅದು ಎಂಟು ಫೂಟು ಇದ್ದರೆ ಹೆಚ್ಚು. ಆಮೇಲೆ ಹೊಲಗಾಲುವೆಯ ಮೇಲೊಂದು ಮೋರಿ. ಅದು ದಾಟಿದರೆ ಬಸಣ್ಣನವರ ಗದ್ದೆ, ಅದರ ಹಿಂದೆ ಇವನದು. ಕಟರು ಬಿಚ್ಚಿ ಹಿಂದೆ ಕಟ್ಟಿಕೊಂಡು ದಾರಿ ದಾಟಿಸಬಹುದು, ಅದು ಎಲ್ಲರೂ ಮಾಡುವುದೇ. ಗದ್ದೆ ದಾಟಿಸುವುದು ಹೇಗೆ? ಬಸಣ್ಣನವರ ಬೆಳೆ ಕೊಯ್ದ ಮೇಲೆ ಮಾತ್ರ. ಅಂದರೆ ಅವರು ಯಾವಾಗ ನಾಟಿ ಮಾಡುತ್ತಾರೋ ಕಾಕಾನೂ ಆಗಲೇ ಮಾಡಬೇಕು, ಅವರು ಎಷ್ಟು ದಿನದ ತಳಿ ಹಾಕುತ್ತಾರೋ ಇವನೂ ಅದನ್ನೇ ಹಾಕಬೇಕು. ಮುಂಚೆ ಕುಡುಗೋಲಿನ ಕಾಲದಲ್ಲಿ ಬದುವಿನ ಮೇಲೆ ತಲೆ ಹೊರೆ ಹೊತ್ತು ತರುತ್ತಿದ್ದರು, ಯಾರ ಬೆಳೆಗೂ ಯಾರೂ ಕಾಯಬೇಕಿರಲಿಲ್ಲ.

ಇದರ ಮೇಲೆ ಬಾಡಿಗೆಯ ತಂಟೆ. ಮಷಿನ್ನಿಗೆ ಹಣ ಕೊಡುವುದು ಎಕರೆಗಲ್ಲ, ತಾಸಿಗೆ. ದೊಡ್ಡ ಮಡಿಯಲ್ಲಿ ಅದು ನೆಟ್ಟಗೆ ಹೋಗಿ ನೆಟ್ಟಗೆ ಬರುತ್ತದೆ. ಸಣ್ಣ ಮಡಿಯಲ್ಲಿ ಹೊಳ್ಳುವುದಕ್ಕೇ ಅರ್ಧ ಹೊತ್ತು ಹೋಗುತ್ತದೆ. ಹೊಳ್ಳುವ ಹೊತ್ತಿಗೂ ಮೀಟರು ಓಡುತ್ತದೆ. ಮೂಲೆಗಳನ್ನು ಮೊದಲೇ ಕೈಯಿಂದ ಕೊಯ್ದು ಇಟ್ಟಿರಬೇಕು, ಆ ಕೂಲಿ ಬೇರೆ. ಹೀಗಾಗಿ ಕಡಿಮೆ ಹೊಲ ಇದ್ದವನು ಎಕರೆಗೆ ಹೆಚ್ಚು ಕೊಡುತ್ತಾನೆ. ಅವನು ಏನು ಮಾಡುತ್ತಾನೆ? ಬದು ಒಡೆಯುತ್ತಾನೆ. ನಾಲ್ಕು ಮಡಿ ಎರಡಾಗುತ್ತದೆ, ಲೇಸರ್ ಲೆವೆಲರ್ ತರಿಸಿ ಸಮ ಮಾಡಿಸುತ್ತಾನೆ, ಅದಕ್ಕೂ ತಾಸಿನ ಬಾಡಿಗೆ. ಬದುವಿನ ಮೇಲಿದ್ದ ಬೇವಿನ ಗಿಡ ಹೋಗುತ್ತದೆ. ಹೊಲಕ್ಕೆ ತಕ್ಕ ಯಂತ್ರ ಅಂತ ಮೇಳದ ಭಾಷಣದಲ್ಲಿ ಹೇಳುತ್ತಾರೆ. ನಮ್ಮ ಊರಲ್ಲಿ ನಾನು ಕಾಣುತ್ತಿರುವುದು ಯಂತ್ರಕ್ಕೆ ತಕ್ಕ ಹೊಲ.

ಮಧ್ಯಾಹ್ನದ ಬಿಸಿಲಿಗೆ ಕೃಷಿ ಎಂಜಿನಿಯರಿಂಗ್ ಕಾಲೇಜಿನವರ ಮಳಿಗೆಗೆ ಹೊಕ್ಕೆವು. ಅಲ್ಲಿ ಜನ ಇರಲಿಲ್ಲ. ಹಿರಿಯ ಮೇಷ್ಟ್ರೊಬ್ಬರು ಚೂಪು ತುದಿಯ ಕಬ್ಬಿಣದ ಸಲಾಕೆಯೊಂದನ್ನು ಇಟ್ಟುಕೊಂಡು ಕೂತಿದ್ದರು. ಅದರ ತಲೆಗೆ ಮುಳ್ಳು ತಿರುಗುವ ಡಯಲು. ನೆಲಕ್ಕೆ ಒತ್ತಿದರೆ ಮಣ್ಣು ಎಷ್ಟು ಗಟ್ಟಿ ಅಂತ ತೋರಿಸುತ್ತದೆ. ಮುಳ್ಳು 2 ಮೆಗಾಪಾಸ್ಕಲ್ ಒತ್ತಡ ದಾಟಿದರೆ ಬೇರು ಇಳಿಯುವುದು ಬಹಳ ಕಷ್ಟ ಅಂದರು. ಕಾಕಾ ಆಗಲೇ ಟೈರಿನ ಮಾತು ತೆಗೆದ. ಟೈರು ದೊಡ್ಡದಿದ್ದರೆ ಭಾರ ಹಂಚಿಹೋಗುತ್ತದೆ, ಹೊಲಕ್ಕೆ ಏನೂ ಆಗುವುದಿಲ್ಲ ಅಂತ ಸ್ಟಾಲಿನ ಹುಡುಗ ಹೇಳಿದ್ದ.

"ಮ್ಯಾಲಿನ ಮಣ್ಣಿಗೆ ಖರೇ ಅದ ಯಜಮಾನ್ರ. ಕೆಳಗಿನ ಮಣ್ಣಿಗೆ ಅಲ್ಲ" ಅಂದರು ಮೇಷ್ಟ್ರು. ನೆಲದ ಮೇಲ್ಪದರಕ್ಕೆ ತಾಗುವ ಒತ್ತಡ ಟೈರಿನ ಅಗಲ, ಗಾಳಿಯ ಮೇಲೆ ನಿಂತಿರುತ್ತದೆ, ಆದರೆ ಆಳಕ್ಕೆ ಇಳಿದಷ್ಟೂ ಲೆಕ್ಕಕ್ಕೆ ಬರುವುದು ಗಾಲಿಯ ಮೇಲಿರುವ ಒಟ್ಟು ಭಾರ. 2022ರಲ್ಲಿ ಥಾಮಸ್ ಕೆಲ್ಲರ್, ಡ್ಯಾನಿ ಓರ್ ಅನ್ನುವ ಇಬ್ಬರು ವಿಜ್ಞಾನಿಗಳು ಈ ಲೆಕ್ಕ ಹಾಕಿದ್ದಾರಂತೆ. 1958ರಲ್ಲಿ ಕಾಳು ತುಂಬಿದ ಕೊಯ್ಲು ಯಂತ್ರ 4 ಟನ್ ಇತ್ತು, 2020ಕ್ಕೆ 36 ಟನ್ ಆಗಿದೆ. ಟೈರು ದೊಡ್ಡದಾದದ್ದರಿಂದ ಮೇಲಿನ ಒತ್ತಡ ಹೆಚ್ಚುಕಡಿಮೆ ಅಷ್ಟೇ ಉಳಿದಿದೆ, ಕೆಳಗಿನ ಪದರದ ಮೇಲಿನ ಭಾರ ಮಾತ್ರ ಏರುತ್ತಲೇ ಹೋಗಿದೆ. ಕೋಟ್ಯಂತರ ವರ್ಷದ ಹಿಂದೆ ನೆಲದ ಮೇಲೆ ಓಡಾಡುತ್ತಿದ್ದ ಉದ್ದ ಕತ್ತಿನ ಡೈನೋಸಾರುಗಳ ತೂಕಕ್ಕೆ ಯಂತ್ರಗಳು ಹತ್ತಿರ ಬಂದಿವೆ ಅಂತ ಅವರ ಪ್ರಬಂಧದ ಹೆಸರಲ್ಲೇ ಇದೆ. ಕೆಳಪದರ ಒಮ್ಮೆ ಬಿಗಿದರೆ ರಂಟೆ ಮುಟ್ಟುವುದಿಲ್ಲ, ಸಡಿಲಾಗಲು ಎಷ್ಟೋ ವರ್ಷ ಬೇಕು.

ಆ ಅಪಾಯ ಹೆಚ್ಚಿರುವುದು ಯೂರೋಪು, ಅಮೆರಿಕ, ಆಸ್ಟ್ರೇಲಿಯಾದ ಕಡೆ, ನಮ್ಮಲ್ಲಿ ಓಡುವುದು ಎಂಟು ಟನ್ನಿನ ಆಸುಪಾಸಿನದು ಅಂತಲೂ ಮೇಷ್ಟ್ರು ಹೇಳಿದರು. ಹೆದರಿಸಿ ಕಳಿಸುವವರಲ್ಲ. ಭತ್ತದ ಗದ್ದೆಗೆ ಅಡಿಯಲ್ಲಿ ಒಂದು ಗಟ್ಟಿ ಪದರ ಬೇಕೇ ಬೇಕು, ನೀರು ನಿಲ್ಲುವುದು ಅದರ ಮೇಲೇ. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದು ಸ್ವಲ್ಪ ತಾನೇ ಸಡಿಲಾಗುತ್ತದೆ. ಆದರೆ ನೀರು ಬರದ ವರ್ಷ ಅದೇ ಗದ್ದೆಗೆ ಹತ್ತಿಯೋ ತೊಗರಿಯೋ ಹಾಕಿದಿರಿ ಅನ್ನಿ, ತಾಯಿಬೇರು ಆ ಪದರಕ್ಕೆ ಬಂದು ಅಡ್ಡ ತಿರುಗುತ್ತದೆ. ಹಸಿ ಗದ್ದೆಗೆ ಗಾಲಿ ಮಷಿನ್ನು ಬಿಡಬೇಡಿ, ಚೈನ್ ಮಷಿನ್ನು ತರಿಸಿ, ಒಣಗುವ ತನಕ ತಡೆಯಿರಿ. ಇದು ಅವರ ಸಲಹೆ. "ತಡಿಯೋದು ನನ್ನ ಕೈಯಾಗ ಎಲ್ಲೈತ್ರಿ ಸರ, ಮಷಿನ್ ಬಾಡಿಗಿಗೆ ಕಳಸೋ ಏಜೆಂಟನ ಕೈಯಾಗೈತಿ" ಅಂದ ಕಾಕಾ. ಮೇಷ್ಟ್ರು ಅದಕ್ಕೆ ಏನೂ ಹೇಳಲಿಲ್ಲ, ಸಲಾಕೆ ಕಾಕಾನ ಕೈಗೆ ಕೊಟ್ಟು ಹೊರಗಿನ ನೆಲ ಒತ್ತಿ ನೋಡಲು ಹೇಳಿದರು. ಸಾವಿರಾರು ಜನ ತುಳಿದ ನೆಲ, ಅರ್ಧ ಗೇಣೂ ಇಳಿಯಲಿಲ್ಲ.

ಹತ್ತಿ ಬಿಡಿಸುವ ಮಷಿನ್ನು ಇದೆಯಾ ಅಂತ ಹೆಣ್ಣುಮಕ್ಕಳ ಗುಂಪೊಂದು ಎಲ್ಲ ಮಳಿಗೆಗೂ ಕೇಳುತ್ತ ಹೋಗುತ್ತಿತ್ತು. ಅವರಿಗೆ ಬೇಕಾದ ಅಳತೆಯದ್ದು ನನ್ನ ಕಣ್ಣಿಗಂತೂ ಎಲ್ಲೂ ಬೀಳಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ ಊಟಕ್ಕೆ ಸಿಕ್ಕಿತು, ಅದಕ್ಕೂ ಸರದಿ.

ಹಿಂತಿರುಗುವಾಗ ಬಸ್ಸು ಮಾನ್ವಿಯಲ್ಲಿ ನಿಂತಿತು. ಮಿರ್ಚಿ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಕಾಕಾ ಬಸಣ್ಣನವರಿಗೆ ಫೋನು ಹಚ್ಚಿ ಜೋರಾಗಿ ಮಾತಾಡುತ್ತಿದ್ದ. ಇಬ್ಬರ ನಡುವಿನ ಬದುವಿಗೆ ತಾಗಿ ತನ್ನ ಕಡೆ ಆರು ಫೂಟು ಬಿಡುತ್ತಾನಂತೆ, ಅವರೂ ಆರು ಬಿಟ್ಟು, ಮೋರಿಯ ತನಕ ಅವರ ಗದ್ದೆಯ ಅಂಚಿನಲ್ಲೇ ದಾರಿ ಕೊಟ್ಟರೆ ಆ ಮೋರಿ ಅಗಲ ಮಾಡಿಸುವ ಖರ್ಚು ತನ್ನದಂತೆ. ಆ ಕಡೆಯಿಂದ ಬಸಣ್ಣನವರ ದನಿ ನನಗೂ ಕೇಳುತ್ತಿತ್ತು. ದಾರಿಗೆ ಹೋದ ನೆಲದ ಭತ್ತ ಯಾರು ಕೊಡುತ್ತಾರೆ, ವರ್ಷಕ್ಕೆ ಎಷ್ಟು ಚೀಲ, ಅದನ್ನು ಮೊದಲು ಹೇಳು ಅನ್ನುತ್ತಿದ್ದರು. "ಒಂದು ಚೀಲ" ಅಂದ ಕಾಕಾ. "ಮೂರು" ಅಂದರು ಅವರು. ಕಂಡಕ್ಟರು ಸೀಟಿ ಊದಿದ. ಸಿಂಧನೂರು ಬರುವ ತನಕ ಕಾಕಾ ಒಂದೂವರೆಗೆ ಏರಿದ್ದ, ಬಸಣ್ಣನವರು ಎರಡೂವರೆಗೆ ಇಳಿದಿದ್ದರು, ಮಿರ್ಚಿ ನಾನೊಬ್ಬನೇ ತಿಂದಿದ್ದೆ.