ದಮ್ಮು ಹಿಡಿದು ಊದಲೋ, ಬಿಟ್ಟು ಊದಲೋ

4 ಡಿಸೆಂಬರ್ 2025, ಗುರುವಾರ

"ಪೂರ್ತಿ ದಮ್ಮು ಹಾಕಿ ಊದಲೋ, ಇಲ್ಲ ಸ್ವಲ್ಪ ಹಿಡಿದು ಊದಲೋ?"

ಶ್ವಾಸಕೋಶದ ಶಕ್ತಿ ಅಳೆಯೋ ಯಂತ್ರದ ಮೌತ್‌ಪೀಸ್ ಬಾಯಿಗೆ ಇಡೋ ಮುಂಚೆ ಇವತ್ತು ಬಂದವರೊಬ್ಬರು ಕೇಳಿದ್ದು. ತಮಾಷೆಗಲ್ಲ. ಚರ್ಚಿನ ಗೆಳೆಯರೊಬ್ಬರು ಹೇಳಿಕೊಟ್ಟಿದ್ದರಂತೆ, ಚೆನ್ನಾಗಿ ಊದಿದರೆ ನಿನಗೇನೂ ಆಗಿಲ್ಲ ಅಂತ ಬರೆದುಬಿಡ್ತಾರೆ, ಹುಷಾರು ಅಂತ. ವಯಸ್ಸು ಐವತ್ತೆಂಟು. ಅದರಲ್ಲಿ ಇಪ್ಪತ್ತೇಳು ವರ್ಷ ಕಲ್ಲಿದ್ದಲು ಗಣಿಯೊಳಗೆ ರೂಫ್ ಬೋಲ್ಟರ್. ತಲೆ ಮೇಲಿನ ಬಂಡೆಗೆ ತೂತು ಕೊರೆದು, ಕುಸಿಯದ ಹಾಗೆ ಬೋಲ್ಟು ಬಿಗಿಯೋ ಕೆಲಸ. ಕಲ್ಲಿದ್ದಲಿಗಿಂತ ಕಲ್ಲಿನ ಪುಡಿಯನ್ನೇ ಹೆಚ್ಚು ಕುಡಿದವರು. ಪಾರ್ಕಿಂಗಿನಿಂದ ನಮ್ಮ ರೂಮಿಗೆ ಬರೋವಷ್ಟರಲ್ಲಿ ಎರಡು ಕಡೆ ನಿಂತರು, ಗೋಡೆ ಮೇಲಿನ ಪೋಸ್ಟರ್ ಓದೋ ನೆಪದಲ್ಲಿ.

"ಇರೋದನ್ನೆಲ್ಲ ಹಾಕಿ ಊದಿ. ಹಿಡಿದರೆ ಯಂತ್ರ ಬರೆಯೋ ಗೆರೆಯಲ್ಲೇ ಗೊತ್ತಾಗುತ್ತೆ," ಅಂದೆ. ಹೆಂಡತಿ ಪಕ್ಕದಿಂದ, "ಈ ಮನುಷ್ಯನಿಗೆ ಅರ್ಧ ಕೆಲಸ ಮಾಡೋಕೆ ಬರಲ್ಲ ಬಿಡಿ" ಅಂದರು.

ನನ್ನ ಕೆಲಸ ನಿಜವಾಗ್ಲೂ ವಿಚಿತ್ರ. ಬ್ಲ್ಯಾಕ್ ಲಂಗ್ ಅಂದರೆ ಗಣಿ ಧೂಳಿನಿಂದ ಬರೋ ಶ್ವಾಸಕೋಶದ ಖಾಯಿಲೆ. ಅದರ ಪರಿಹಾರಕ್ಕೆ ಅರ್ಜಿ ಹಾಕಿದವರಿಗೆ ಅಮೆರಿಕದ ಕಾರ್ಮಿಕ ಇಲಾಖೆ ತನ್ನ ಖರ್ಚಲ್ಲೇ ಒಂದು ಪೂರ್ತಿ ತಪಾಸಣೆ ಮಾಡಿಸುತ್ತೆ. ಎದೆಯ ಎಕ್ಸ್-ರೇ, ಊದೋ ಪರೀಕ್ಷೆ, ಅಪಧಮನಿಯಿಂದ ರಕ್ತ, ಕೊನೆಗೆ ಡಾಕ್ಟರು. ಊದೋ ಪರೀಕ್ಷೆಯ ರಿಪೋರ್ಟಿನಲ್ಲಿ ಅಂಕಿಗಳು ಮಾತ್ರ ಸಾಲದು. ಹೇಳಿದ್ದು ಅರ್ಥವಾಯಿತಾ, ಸಹಕಾರ ಹೇಗಿತ್ತು ಅಂತಲೂ ಬರೀಬೇಕು, ನಿಯಮದಲ್ಲೇ ಇದೆ. ಮೂರು ಸಲದ ಗೆರೆ ಒಂದರ ಮೇಲೊಂದು ಕೂರದಿದ್ದರೆ, ಪರಿಹಾರ ಕೊಡಬೇಕಾದ ಗಣಿ ಕಂಪನಿ ಕಡೆಯ ಡಾಕ್ಟರು "ಪೂರ್ತಿ ಪ್ರಯತ್ನವಿಲ್ಲ" ಅಂತ ಒಂದು ಸಾಲು ಗೀಚಿದರೆ ಸಾಕು, ನ್ಯಾಯಾಧೀಶರ ಮುಂದೆ ಪರೀಕ್ಷೆಯೇ ಬಿದ್ದುಹೋಗಬಹುದು. ಅಂದರೆ ಉಸಿರಾಡಕ್ಕೆ ಆಗಲ್ಲ ಅಂತ ತೋರಿಸಬೇಕಾದರೂ ಇರೋ ಉಸಿರನ್ನೆಲ್ಲ ಹಾಕಿ ದುಡೀಬೇಕು.

ಊದಿದರು. "ಊದಿ, ಊದಿ, ಇನ್ನೂ ಇನ್ನೂ ಇನ್ನೂ" ಅಂತ ನಾನು ಎಂದಿನಂತೆ ಹುಚ್ಚಿಯ ಹಾಗೆ ಕೂಗಿದೆ. ಮೊದಲ ಸಲ ಕತ್ತಿನ ನರ ಹಗ್ಗದ ಹಾಗೆ ಎದ್ದು ನಿಂತವು. ಎರಡನೇ ಸಲ ಕೆಮ್ಮು ಹತ್ತಿತು, ಆ ಗೆರೆ ಲೆಕ್ಕಕ್ಕಿಲ್ಲ. ಟಿಶ್ಯೂ ಕೊಟ್ಟೆ, ಮಡಿಸಿ ಜೇಬಿಗೆ ಹಾಕಿಕೊಂಡರು, ಕಸದ ಬುಟ್ಟಿ ಕಾಲ ಹತ್ತಿರವೇ ಇದ್ದರೂ. ಆಮೇಲಿನ ಮೂರೂ ಒಂದೇ ಥರ ಬಂದವು. ಕೈಯೆತ್ತಿ, "ನೋಡು, ಪಾಸಾದೆ" ಅಂದರು ಹೆಂಡತಿಗೆ. ಆಕೆ ನಗಲಿಲ್ಲ.

ನನ್ನ ತಲೆಯೊಳಗೆ ಕೂತಿರೋದು ಅದಲ್ಲ, ಎತ್ತರ. ಊದೋಕೆ ಮುಂಚೆ ಬೂಟು ಬಿಚ್ಚಿಸಿ ಅಳೀತೀವಿ. ಅವರ ಡ್ರೈವಿಂಗ್ ಲೈಸೆನ್ಸಿನಲ್ಲಿ ಇರೋದಕ್ಕಿಂತ ಒಂದೂವರೆ ಇಂಚು ಕಮ್ಮಿ ಬಂತು. ಇನ್ನೊಮ್ಮೆ ಅಳೆದೆ, ಅಷ್ಟೇ. "ನಾಲ್ವತ್ತು ಇಂಚು ಎತ್ತರದ ಕಲ್ಲಿದ್ದಲು ಪದರದಲ್ಲಿ ಅಷ್ಟು ವರ್ಷ ಬಗ್ಗಿದ್ದೀನಿ ಮೇಡಂ, ಒಂದೂವರೆ ಇಂಚು ಅಲ್ಲೇ ಬಿಟ್ಟು ಬಂದಿರಬೇಕು," ಅಂತ ನಕ್ಕರು. ಅವರಿಗೆ ಗೊತ್ತಿಲ್ಲದ್ದು ಏನಪ್ಪಾ ಅಂದರೆ, ಎಷ್ಟಕ್ಕಿಂತ ಕಮ್ಮಿ ಗಾಳಿ ಊದಿದರೆ ‘ಅಶಕ್ತ’ ಅಂತ ಗೀಟು ಎಳೆಯೋ ಕೋಷ್ಟಕ ನಡೆಯೋದು ವಯಸ್ಸು ಮತ್ತು ಎತ್ತರದ ಮೇಲೆ. ಎತ್ತರ ಇಳಿದರೆ ಆ ಗೀಟೂ ಕೆಳಗಿಳಿಯುತ್ತೆ. ಲೈಸೆನ್ಸಿನ ಎತ್ತರಕ್ಕೆ ಗೀಟಿನ ಒಳಗೆ ಬರೋ ಮನುಷ್ಯ, ನಾನು ಅಳೆದ ಎತ್ತರಕ್ಕೆ ಹೊರಗೆ ಹೋಗಬಹುದು. ಬೆನ್ನನ್ನೂ ಗಣಿಯೇ ತಿಂದದ್ದು, ಎದೆಯನ್ನೂ ಗಣಿಯೇ ತಿಂದದ್ದು. ಬೆನ್ನಲ್ಲಿ ತಿಂದದ್ದನ್ನ ಎದೆಯ ಲೆಕ್ಕದಲ್ಲಿ ಕಳೀತಾರೆ. ನಾನು ಅಳೆದದ್ದನ್ನೇ ಬರೆದೆ. ಬೇರೇನು ಬರೆಯೋಕಾಗುತ್ತೆ.

ಅವರ ಹೆಂಡತಿಯ ಹತ್ತಿರ ದಪ್ಪ ಫೈಲು. ರಕ್ತ ತೆಗೆಯೋಕೆ ಕಾಯುವಾಗ ಬಿಚ್ಚಿ ತೋರಿಸಿದರು. ಹದಿನೈದು ವರ್ಷ ಗಣಿಯೊಳಗೆ ದುಡಿದು ಶ್ವಾಸಕೋಶ ಕೆಟ್ಟು ಅಶಕ್ತನಾದರೆ, ಅದು ಗಣಿಯಿಂದಲೇ ಅಂತ ಮೊದಲೇ ಒಪ್ಪಿಕೊಳ್ಳೋ ನಿಯಮ. 1981ರಲ್ಲಿ ತೆಗೆದುಹಾಕಿದ್ದನ್ನ 2010ರಲ್ಲಿ ಒಬಾಮಾ ಆರೋಗ್ಯ ಕಾಯ್ದೆಯೊಳಗೆ ಸೇರಿಸಿ ವಾಪಸ್ ತಂದದ್ದು ನಮ್ಮ ವೆಸ್ಟ್ ವರ್ಜೀನಿಯಾದ ಸೆನೆಟರ್ ಬೈರ್ಡ್. ಆಕೆಗೆ ಇದೆಲ್ಲ ಬಾಯಿಪಾಠ. ಮಿಕ್ಕವರು ಆಡದ ಮಾತನ್ನ ಆಕೆ ಗಂಡನ ಎದುರೇ ಆಡಿಬಿಟ್ಟರು. "ಇವರು ಬದುಕಿರೋವಾಗಲೇ ಗೆಲ್ಲಬೇಕು. ಗೆದ್ದು ಹೋದರೆ ನನಗೆ ತಾನಾಗೇ ಬರುತ್ತೆ. ಗೆಲ್ಲೋ ಮೊದಲೇ ಹೋಗಿಬಿಟ್ಟರೆ, ಈ ಖಾಯಿಲೆಯಿಂದಲೇ ಹೋದರು ಅಂತ ನಾನು ಮೊದಲಿಂದ ಸಾಬೀತು ಮಾಡಬೇಕು."

ಅವರು ಬೂಟಿನ ದಾರ ಕಟ್ಟಿಕೊಳ್ತಾ ಇದ್ದರು. ತಲೆ ಎತ್ತಲಿಲ್ಲ.

ಅಷ್ಟಕ್ಕೂ ಬರೋದೆಷ್ಟು? ಫೆಡರಲ್ ಸರ್ಕಾರದ ಕೆಳದರ್ಜೆ ನೌಕರನ ಮೂಲ ಸಂಬಳದ ಶೇ. 37.5. ಒಂಟಿ ಮನುಷ್ಯನಿಗೆ ತಿಂಗಳಿಗೆ 800 ಡಾಲರ್ ಒಳಗೇ, ಹೆಂಡತಿ ಇದ್ದರೆ ಒಂದೂವರೆ ಪಟ್ಟು. ಜೊತೆಗೆ ಶ್ವಾಸಕೋಶದ ಚಿಕಿತ್ಸೆ, ಆಕ್ಸಿಜನ್. ಇದಕ್ಕೆ ಕಂಪನಿಗಳು ನೇಮಿಸೋ ವಕೀಲರು, ತಜ್ಞರು! ಒಂದೇ ಎಕ್ಸ್-ರೇ ಒಬ್ಬ ಡಾಕ್ಟರ ಕಣ್ಣಿಗೆ ಒಂದು ಸೆಂಟಿಮೀಟರ್ ಮೀರಿದ ಗಂಟು, ಇನ್ನೊಬ್ಬರಿಗೆ ಯಾವುದೋ ಹಳೇ ಟಿಬಿ ಕಲೆ. ಒಂದು ಸೆಂಟಿಮೀಟರ್ ದಾಟಿದ್ದು ಬ್ಲ್ಯಾಕ್ ಲಂಗೇ ಅಂತಾದರೆ ಮುಂದೆ ವಾದವೇ ಇಲ್ಲ, ಪರಿಹಾರ ಕೊಡಲೇಬೇಕು. ಅದಕ್ಕೇ ಜಗಳವೆಲ್ಲ ಆ ಒಂದು ಸೆಂಟಿಮೀಟರಿಗೆ.

ಮನೇಲಿ ಸಾಂಬಾರು ತಳ ಹತ್ತಿತು ಇವತ್ತು. ಇವರು ಮಾತಾಡದೆ ತಿಂದರು, ಚಿನ್ನು ಮಾತ್ರ "ಅಮ್ಮಾ, ಸ್ಮೋಕ್ ಫ್ಲೇವರ್" ಅಂದಳು. ಮೂದಲಿಸೋಕೆ ಚೆನ್ನಾಗಿ ಕಲಿತಿದ್ದಾಳೆ.

ರಾತ್ರಿ ಅಪ್ಪನ ಫೋನು. ಬಂಗಾರಪೇಟೆಯಲ್ಲಿ ಆಗಲೇ ಬೆಳಗ್ಗೆ, ಹಾಲಿನವನ ಜೊತೆ ಒಂದು ಸುತ್ತು ಮಾತು ಮುಗಿಸಿ ಕೂತಿದ್ದರು. ಎತ್ತರದ ಕತೆ ಹೇಳಿದೆ. ಅಪ್ಪ ಕೇಳಿಸಿಕೊಂಡು, "ನಮ್ಮ ಕಡೆ ಎದೆ ಅಳೆದರೆ ಸಾಕಾಗಿತ್ತಮ್ಮಾ" ಅಂದರು. ಅವರ ಹೈಸ್ಕೂಲ್ ಗೆಳೆಯನೊಬ್ಬ ಮಾರಿಕುಪ್ಪಂ ರೈಲಲ್ಲಿ ಬರ್ತಿದ್ದನಂತೆ. ಅವನ ತಂದೆ ಕೆಜಿಎಫ್ ಚಿನ್ನದ ಗಣಿಯ ಚಾಂಪಿಯನ್ ರೀಫಲ್ಲಿ ಡ್ರಿಲ್ಲಿಂಗ್. ಕೆಮ್ಮಿ ಕೆಮ್ಮಿ ಸೊರಗಿ ಹೋದರು, ಟಿಬಿ ಅಂತಲೇ ಔಷಧಿ ಕೊಟ್ಟರು ಕೊನೇತನಕ. ಕೆಜಿಎಫ್‌ನಲ್ಲಿ ಏನೂ ಗೊತ್ತಿರಲಿಲ್ಲ ಅನ್ನೋ ಹಾಗೂ ಇಲ್ಲ. 1940ರ ದಶಕದ ಸಮೀಕ್ಷೆಯಲ್ಲೇ ಪರೀಕ್ಷಿಸಿದ ಕಾರ್ಮಿಕರಲ್ಲಿ ಶೇ. 40ಕ್ಕೂ ಹೆಚ್ಚು ಜನರಲ್ಲಿ ಸಿಲಿಕೋಸಿಸ್, ಅಂದರೆ ಕಲ್ಲಿನ ಪುಡಿಯಿಂದ ಬರೋ ಶ್ವಾಸಕೋಶದ ಖಾಯಿಲೆ, ಸಿಕ್ಕಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಪುಡಿ ಎದೆಯೊಳಗೆ ಉಳೀತು.

"ಅಲ್ಲಾದರೂ ಧೂಳು ಕಮ್ಮಿ ಮಾಡಿದಾರಾ?" ಅಂದರು ಅಪ್ಪ. ಗಣಿಗಳಲ್ಲಿ ಸಿಲಿಕಾ ಧೂಳಿನ, ಅದೇ ಕಲ್ಲಿನ ಪುಡಿಯ, ಮಿತಿಯನ್ನ ಅರ್ಧಕ್ಕಿಳಿಸೋ ನಿಯಮ 2024ರಲ್ಲಿ ಬಂತು, ಜಾರಿಗೆ ಬರೋ ಮೊದಲೇ 2025ರ ಏಪ್ರಿಲ್‌ನಲ್ಲಿ ಕೋರ್ಟು ತಡೆ ಹಾಕಿತು ಅಂತ ಹೇಳಿದೆ. ಅಪ್ಪ "ಹೂಂ" ಅಂದು ಅಕ್ಕನ ಮಗನ ನಾಮಕರಣದ ವಿಷಯ ಎತ್ತಿದರು. ಟಿಕೆಟ್ ರೇಟು ನೋಡಿದೀಯಾ ಅಂತ. ನೋಡಿದೀನಿ. ಅಪ್ಪನಿಗೆ ಹೇಳೋ ಹಾಗಿಲ್ಲ.

ನಾಳೆ ಇವರದು ಏಳಕ್ಕೇ ಶಿಫ್ಟು, ಚಿನ್ನುವನ್ನ ಬಿಡೋದು ನಾನೇ. ಹಿಮ ಬೀಳೋ ಲಕ್ಷಣ ಬೇರೆ ಇದೆ. ಬೇಗ ಹೋಗಿ ಆ ಎತ್ತರ ಅಳೆಯೋ ಪಟ್ಟಿಯ ಕ್ಯಾಲಿಬ್ರೇಷನ್ ಸ್ಟಿಕ್ಕರ್ ಯಾವ ತಿಂಗಳದು ಅಂತ ನೋಡಬೇಕು, ಆ ಗಂಡ-ಹೆಂಡತಿಯ ವಕೀಲರು ಕೇಳೋದಾದರೆ ಅದನ್ನೇ ಮೊದಲು ಕೇಳ್ತಾರೆ, ಇನ್ನೂ ವಕೀಲರು ಸಿಕ್ಕಿದ್ದಾರೋ ಇಲ್ಲವೋ, ಗೆದ್ದರೆ ಮಾತ್ರ ಫೀಸು ಅಂದಮೇಲೆ ಈ ಕೇಸು ಹಿಡಿಯೋರಾದರೂ ಯಾರು, ಆಕೆಯನ್ನ ಕೇಳಬೇಕಿತ್ತು