ತೋಡರನ್ನು ನೋಡಲು ಹೋಗಿ ಬಡಗ ಅಜ್ಜಿ ಸಿಕ್ಕಿದ್ದು

ನೀಲಗಿರಿಗೆ ಹೋಗ್ತೀನಿ ಅಂದಾಗ ಎಲ್ಲರೂ ಹೇಳಿದ್ದು ಒಂದೇ ಮಾತು: ತೋಡರ ಗುಡಿಸಲು ನೋಡ್ಕೊಂಡು ಬಾ. ತೋಡರು ಅಂದರೆ ಆ ಬೆಟ್ಟದ ಎಮ್ಮೆ ಸಾಕುವ ಬುಡಕಟ್ಟಿನವರು. ನಾನು ಹೊರಟಿದ್ದೂ ಅದಕ್ಕೇ. ಗುಡಿಸಲು ನೋಡಿದ್ದೂ ಆಯಿತು. ಆದರೆ ಊರಿಗೆ ಬಂದ ಮೇಲೆ ಯಾರು ಕೇಳಿದರೂ ನನ್ನ ಬಾಯಿಗೆ ಬರುವುದು ಕೋಟಗಿರಿ ಬಸ್ಸಿನಲ್ಲಿ ಪಕ್ಕ ಕೂತಿದ್ದ ಒಬ್ಬ ಬಡಗ ಅಜ್ಜಿಯ ಸುದ್ದಿ. ಬಡಗರು ಅದೇ ಬೆಟ್ಟದಲ್ಲಿ ಬೇಸಾಯ ಮಾಡಿಕೊಂಡಿರುವ ಸಮುದಾಯ.

ಮೊದಲು ದಾರಿಯ ವಿಷಯ ಮುಗಿಸಿಬಿಡುತ್ತೇನೆ. ಮೈಸೂರಿನಿಂದ ಊಟಿಗೆ ಸರ್ಕಾರಿ ಬಸ್ಸು ಧಾರಾಳವಾಗಿ ಇವೆ. ಗುಂಡ್ಲುಪೇಟೆ, ಬಂಡೀಪುರ, ಮುದುಮಲೆ, ಗೂಡಲೂರು ದಾಟಿ ಐದು ಗಂಟೆಯ ಪ್ರಯಾಣ. ಸ್ವಂತ ಕಾರಿನವರು 2024ರ ಮೇ ತಿಂಗಳಿಂದ ಇ-ಪಾಸ್ ಮಾಡಿಸಬೇಕು. ಬಸ್ಸಿನವರಿಗೆ ಆ ರಗಳೆ ಇಲ್ಲ. ಆದರೆ ನೀರಿನ ಪ್ಲಾಸ್ಟಿಕ್ ಬಾಟಲಿ ಮಾತ್ರ ತರಬೇಡಿ. ಕೆಕ್ಕನಹಳ್ಳ ಚೆಕ್‌ಪೋಸ್ಟಿನಲ್ಲಿ ನನ್ನ ಮುಂದಿನ ಸೀಟಿನವರ ಹೊಸ ಬಾಟಲಿಯನ್ನು ಹಾಗೇ ಕಿತ್ತುಕೊಂಡರು. ಪಾಪ, ಅವರು ಮುಚ್ಚಳವನ್ನೂ ತೆಗೆದಿರಲಿಲ್ಲ. ಮನೆಯಿಂದ ಒಂದು ಸ್ಟೀಲ್ ಬಾಟಲಿ ತಂದರೆ ಮುಗೀತು.

ಊಟಿಯ ಬಗ್ಗೆ ಹೊಗಳಿ ಬರೆಯೋಕೆ ನನ್ನಿಂದ ಆಗುವುದಿಲ್ಲ. ಕೆರೆಯ ಸುತ್ತ ಜಾತ್ರೆ, ಹೆಜ್ಜೆಗೊಂದು ಚಾಕೊಲೇಟ್ ಅಂಗಡಿ, ಎಲ್ಲ ಅಂಗಡಿಯಲ್ಲೂ ಒಂದೇ ರುಚಿ. ವರ್ಕಿ ಮಾತ್ರ ತಿನ್ನಲೇಬೇಕು. ಗರಿಗರಿ ಪದರದ ಬಿಸ್ಕತ್ತು. ಬೇಕರಿಯಿಂದ ಬಿಸಿಬಿಸಿಯಾಗಿ ತಂದು ಟೀಯಲ್ಲಿ ಅದ್ದಿದರೆ ಆಯಿತು, ಊಟಿಗೆ ಬಂದ ದುಡ್ಡು ಅಲ್ಲಿಗೇ ಹುಟ್ಟಿತು.

ಲಾಡ್ಜಿನ ದುಡ್ಡು ಮಾತ್ರ ಹುಟ್ಟಲಿಲ್ಲ. ಫೋನಿನಲ್ಲಿ 800 ರೂಪಾಯಿ ಅಂದಿದ್ದರು. ಬ್ಯಾಗ್ ಇಳಿಸಿದ ಮೇಲೆ, ಇವತ್ತು ಶನಿವಾರ ಅಲ್ವಾ ಸಾರ್, 1400 ಅಂದರು. ಜುಲೈ ತಿಂಗಳು, ಹೊರಗೆ ಜಡಿಮಳೆ, ಅರ್ಧ ಲಾಡ್ಜು ಖಾಲಿ. ಶನಿವಾರ ಬರ್ತೀನಿ ಅಂತ ಫೋನಿನಲ್ಲೇ ಹೇಳಿದ್ದೆನಲ್ಲ ಅಂದರೆ, ಫೋನಿನಲ್ಲಿ ಮಾತಾಡಿದವರು ಬೇರೆ ಅನ್ನೋ ಉತ್ತರ. ಬಿಸಿನೀರು ಬೆಳಿಗ್ಗೆ ಆರರಿಂದ ಏಳೂವರೆ. ಆಮೇಲೆ ಬೇಕಾದರೆ ಬಕೆಟ್ಟಿಗೆ 50. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಊಟಿಯಲ್ಲಿ ರೂಮು ಹೇಳುವಾಗ ತಾರೀಕು, ವಾರ, ರೇಟು, ಬಿಸಿನೀರು ಎಲ್ಲವನ್ನೂ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಸಾಧ್ಯವಾದರೆ ವಾರದ ಮಧ್ಯೆ ಹೋಗಿ. ಇನ್ನೂ ಒಳ್ಳೇದು ಅಂದರೆ ಊಟಿಯಲ್ಲಿ ಉಳಿಯಲೇಬೇಡಿ, ಕೋಟಗಿರಿಗೆ ಹೋಗಿಬಿಡಿ.

ತೋಡರ ಮಂದ್ ಇರೋದು ಬೊಟಾನಿಕಲ್ ಗಾರ್ಡನ್‌ನ ಮೇಲಿನ ತುದಿಯಲ್ಲಿ. ಮಂದ್ ಅಂದರೆ ಅವರ ಹಾಡಿ. ಬಾಗಿದ ಬಿದಿರು, ಬೆತ್ತ, ಹುಲ್ಲು ಸೇರಿಸಿ ಕಟ್ಟಿದ ಅರ್ಧ ಪೀಪಾಯಿಯಂಥ ಗುಡಿಸಲು. ಬಾಗಿಲು ಎಷ್ಟು ಗಿಡ್ಡ ಅಂದರೆ ತೆವಳಿಕೊಂಡೇ ಒಳಗೆ ಹೋಗಬೇಕು. ಅಲ್ಲಿನ ಜನ ಈಗ ಇರುವುದು ಪಕ್ಕದ ಸಿಮೆಂಟ್ ಮನೆಗಳಲ್ಲಿ. ಗುಡಿಸಲ ಮುಂದೆ ಫೋಟೋಗೆ ಸಾಲು. ಎಮ್ಮೆ ಒಂದೂ ಕಣ್ಣಿಗೆ ಬೀಳಲಿಲ್ಲ. ತೋಡರ ದೇವರು, ಹಾಲು, ಬಾಳು ಎಲ್ಲವೂ ಎಮ್ಮೆಯ ಸುತ್ತಲೇ ಅಂತ ಓದಿಕೊಂಡು ಹೋಗಿದ್ದೆ. ಒಟ್ಟು ಜನಸಂಖ್ಯೆಯೇ ಸುಮಾರು ಎರಡು ಸಾವಿರ. ಅವರನ್ನು ನೋಡಲು ಒಂದು ವಾರಾಂತ್ಯಕ್ಕೆ ಬರುವವರು ಅದಕ್ಕಿಂತ ಎಷ್ಟೋ ಜಾಸ್ತಿ.

ಒಬ್ಬ ಹೆಂಗಸು ಮೆಟ್ಟಿಲ ಮೇಲೆ ಕೂತು ಬಿಳಿ ಬಟ್ಟೆಯ ಮೇಲೆ ಕೆಂಪು, ಕಪ್ಪು ದಾರದಲ್ಲಿ ಕಸೂತಿ ಹಾಕುತ್ತಿದ್ದರು. ಬಟ್ಟೆಯ ಮೇಲೆ ಗೆರೆ ಎಳೆದುಕೊಂಡಿಲ್ಲ, ನಮೂನೆಯೂ ಎದುರಿಗಿಲ್ಲ. ಸುಮ್ನೆ ಎಳೆ ಎಣಿಸಿಕೊಂಡು ಸೂಜಿ ಹಾಕುತ್ತಾ ಹೋಗುತ್ತಾರೆ. ಈ ಕಸೂತಿಗೆ 2013ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಪೂರ್ತಿ ಶಾಲಿನ ಬೆಲೆ ನನ್ನ ಜೇಬಿಗೆ ಎಟುಕಲಿಲ್ಲ. ಮೊಬೈಲ್ ಹಾಕಿಕೊಳ್ಳೋ ಸಣ್ಣ ಚೀಲ ಕೊಂಡೆ. ಫೋಟೋ ತೆಗೀಲಾ ಅಂದೆ. ಬೇಡ ಅಂದರು. ನನಗೆ ಯಾಕೋ ಅದು ಇಷ್ಟವಾಯಿತು.

ಮಾರನೇ ದಿನ ಕೋಟಗಿರಿ ಬಸ್ಸು. ಹೆಚ್ಚೂಕಮ್ಮಿ ಮೂವತ್ತು ಕಿಲೋಮೀಟರು. ದಾರಿಯಲ್ಲಿ ಸಿಗುವ ಕಟ್ಟಬೆಟ್ಟು ಇನ್ನೂ ದೂರ ಇರುವಾಗ ಬಸ್ಸು ನಿಂತೇಬಿಟ್ಟಿತು. ಗಾಳಿಗೆ ನೀಲಗಿರಿ ಮರ ರಸ್ತೆಗೆ ಅಡ್ಡ ಬಿದ್ದಿತ್ತು. ಗರಗಸ ಬರಬೇಕು, ಕತ್ತರಿಸಬೇಕು. ಗಂಡಸರೆಲ್ಲ ಇಳಿದು ಮರದ ಸುತ್ತ ನಿಂತು ಸಲಹೆ ಕೊಡತೊಡಗಿದರು. ನಾನು ಚಳಿಗೆ ಇಳಿಯಲಿಲ್ಲ. ಪಕ್ಕದಲ್ಲಿ ಅಜ್ಜಿ. ಬಿಳಿ ಬಟ್ಟೆ, ತಲೆಗೂ ಬಿಳಿ ವಸ್ತ್ರ, ಹಣೆಯ ಮೇಲೆ ಹಸಿರು ಹಚ್ಚೆ. ಮೊಮ್ಮಕ್ಕಳಿಗೆ ಅಂತ ಒಯ್ಯುತ್ತಿದ್ದ ವರ್ಕಿ ಪೊಟ್ಟಣ ಬಿಚ್ಚಿ ನನ್ನ ಕೈಗೆ ಎರಡು ಇಟ್ಟರು.

ಅಜ್ಜಿಯದು ಬಡಗ, ನನ್ನದು ಮೈಸೂರು ಕನ್ನಡ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕಂಡಕ್ಟರು ತಮಿಳಿನಲ್ಲಿ ಬಿಡಿಸುತ್ತಿದ್ದರು. ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತೇನೆ.

"ಯಾರ ಮನೆಗೆ ಬಂದಿದ್ದೆ?"

"ಯಾರ ಮನೆಗೂ ಇಲ್ಲ ಅಜ್ಜಿ. ತೋಡರನ್ನ ನೋಡೋಣ ಅಂತ ಬಂದೆ."

"ಅವರು ಯಾವತ್ತಾದರೂ ನಿನ್ನ ನೋಡೋಕೆ ಮೈಸೂರಿಗೆ ಬಂದಿದ್ರಾ?"

ಹಿಂದಿನ ಸೀಟಿನ ಹುಡುಗ ಕಿಸಕ್ಕನೆ ನಕ್ಕ. ನಾನು ವರ್ಕಿ ಕಡಿದೆ.

ಅಜ್ಜಿಗೆ ತೋಡರ ಮೇಲೆ ಕೋಪವೇನೂ ಇರಲಿಲ್ಲ. ಅವರ ಅಮ್ಮನ ಕಾಲದಲ್ಲಿ ಬಡಗರ ಹಟ್ಟಿಗೆ ತೋಡರು ತುಪ್ಪ ತಂದುಕೊಡುತ್ತಿದ್ದರಂತೆ. ಬಡಗರು ರಾಗಿ, ಸಾಮೆ ಕೊಡುವುದು. ಮಡಕೆ, ಕುಡುಗೋಲು ಎಲ್ಲ ಕೋತ ಅನ್ನುವ ಬುಡಕಟ್ಟಿನವರದು. ಸಾವಾದರೆ ವಾದ್ಯ ಊದಲೂ ಅವರೇ ಬರಬೇಕು. ಕಾಡಿನ ಕುರುಂಬರು ಜೇನು ತರುತ್ತಿದ್ದರು. ಅವರ ಮಂತ್ರಕ್ಕೆ ಹೆದರಿ ಬಾಕಿ ಮಾತ್ರ ಯಾರೂ ಇಟ್ಟುಕೊಳ್ಳುತ್ತಿರಲಿಲ್ಲವಂತೆ. "ಈಗ ಎಲ್ಲಕ್ಕೂ ಅಂಗಡಿ" ಅಂದರು. ಇದನ್ನೆಲ್ಲ ನಾನು ಓದಿದ್ದೆ, ಸರಿ. ಆದರೆ ಪುಸ್ತಕದಲ್ಲಿ ಅದು ಪದ್ಧತಿ. ಅಜ್ಜಿ ಹೇಳಿದ್ದರಲ್ಲಿ ಯಾವ ಮನೆಯವರು ಅಳತೆ ಕಡಿಮೆ ಹಾಕುತ್ತಿದ್ದರು ಅನ್ನುವುದೂ ಇತ್ತು.

ಬಡಗರು ನಮ್ಮ ಮೈಸೂರು ಬಯಲಿಂದಲೇ ಬೆಟ್ಟ ಹತ್ತಿದವರು ಅಂತಾರಲ್ಲ ಅಂದೆ. "ಹಾಗಂತಾರೆ. ಇಲ್ಲ ಅನ್ನೋರೂ ನಮ್ಮಲ್ಲೇ ಇದ್ದಾರೆ. ನಮ್ಮ ಹುಡುಗರನ್ನ ಕೇಳಿ ನೋಡು, ಜಗಳಕ್ಕೇ ಬರ್ತಾರೆ." ಜಗಳಕ್ಕೆ ಕಾರಣ ಇದೆ. ತೋಡ, ಕೋತ, ಕುರುಂಬ, ಇರುಳ, ಪಣಿಯ, ಕಾಟ್ಟುನಾಯಕ, ಈ ಆರೂ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿವೆ. ಬಡಗರು ಇಲ್ಲ. ನಮ್ಮನ್ನೂ ಸೇರಿಸಿ ಅನ್ನುವ ಅವರ ಬೇಡಿಕೆ ಹಳೆಯದು. ಹೊರಗಿನಿಂದ ಬಂದವರು ಅಂತ ಒಪ್ಪಿಕೊಂಡರೆ ಬೇಡಿಕೆಗೇ ಪೆಟ್ಟು. ಅಜ್ಜಿ ಅದನ್ನು ಒಂದೇ ಮಾತಿನಲ್ಲಿ ಮುಗಿಸಿದರು: "ಓಟು ಬಂದಾಗ ಎಲ್ಲರೂ ಸೇರಿಸ್ತೀವಿ ಅಂತಾರೆ. ಓಟು ಹಾಕಿ ಹಾಕಿ ನನ್ನ ಬೆರಳು ಸವೀತು."

ಅಜ್ಜಿಗೆ ನಿಜವಾಗಿ ಬೇಕಿದ್ದ ಮಾತು ಚಹಾ ಎಲೆಯದು. ಅವರು ಮದುವೆಯಾಗಿ ಬಂದಾಗ ಹೊಲದಲ್ಲಿ ಆಲೂಗಡ್ಡೆ ಇತ್ತಂತೆ. ಆಮೇಲೆ ಚಹಾ ಗಿಡ ಹಾಕಿದರು. ಆಲೂಗಡ್ಡೆಗೆ ಹಂದಿ ಬರುತ್ತದೆ, ಕೋಸಿಗೆ ಕಾಟಿ ಬರುತ್ತದೆ, ಚಹಾವನ್ನು ಯಾವುದೂ ತಿನ್ನುವುದಿಲ್ಲ. ವರ್ಷವಿಡೀ ಎಲೆ, ವರ್ಷವಿಡೀ ಕಾಸು. "ಹಂದಿ ತಿನ್ನಲ್ಲ ಅಂತ ಹಾಕಿದ್ವಿ. ಈಗ ಫ್ಯಾಕ್ಟರಿ ತಿಂತಿದೆ." ಸಣ್ಣ ಬೆಳೆಗಾರರಿಗೆ ತಾವೇ ಪುಡಿ ಮಾಡಲು ಆಗುವುದಿಲ್ಲ. ಎಲೆ ಕಿತ್ತ ದಿನವೇ ಕಾರ್ಖಾನೆಗೆ ಹೋಗಬೇಕು, ಇಟ್ಟರೆ ಬಾಡುತ್ತದೆ. ಹಾಗಾಗಿ ಕಾರ್ಖಾನೆಯವರು ಹೇಳಿದ್ದೇ ರೇಟು. ಒಂದು ಕಿಲೋ ಪುಡಿಗೆ ನಾಲ್ಕು ಕಿಲೋಗೂ ಮೀರಿ ಹಸಿ ಎಲೆ ಬೇಕು. 2023ರಲ್ಲಿ ಒಳ್ಳೆಯ ಬೆಲೆಗಾಗಿ ಕೋಟಗಿರಿ ಕಡೆ ಬೆಳೆಗಾರರು ಉಪವಾಸ ಕೂತಿದ್ದರು. ಅಜ್ಜಿಯೂ ಹೋಗಿದ್ದರಂತೆ. "ಉಪವಾಸ ಮಾಡಿದ್ರಾ?" ಅಂದೆ. "ನನಗೆ ಶುಗರ್. ನಾನು ಊಟ ಮಾಡ್ಕೊಂಡು ಹೋಗಿ ಕೂತೆ."

ತೋಟದಲ್ಲಿ ಈಗ ಎಲೆ ಕೀಳುವವರು ಜಾರ್ಖಂಡಿನ ಹುಡುಗಿಯರು. ಮಗ ಕೊಯಮತ್ತೂರಲ್ಲಿ, ಮೊಮ್ಮಗಳು ಬೆಂಗಳೂರಿನಲ್ಲಿ, ಕಂಪ್ಯೂಟರ್ ಕೆಲಸ. ವರ್ಷಕ್ಕೊಮ್ಮೆ ಬಡಗರ ದೇವತೆ ಹೆತ್ತೆಯ ಹಬ್ಬಕ್ಕೆ ಎಲ್ಲರೂ ಬರುತ್ತಾರೆ. ಆ ಹಬ್ಬಕ್ಕೆ ಸಾವಿರಾರು ಜನ ಬಿಳಿ ಬಟ್ಟೆಯಲ್ಲಿ ಸೇರುತ್ತಾರೆ, ಡಿಸೆಂಬರ್ ಕೊನೆ, ಜನವರಿ ಹೊತ್ತಿಗೆ. "ಬರೋದಾದರೆ ಆಗ ಬಾ. ಮನೆಗೆ ಬಾ. ಸುಮ್ನೆ ನೋಡೋಕೆ ಬರಬೇಡ" ಅಂದರು.

ಮರ ತೆಗೆದು ಬಸ್ಸು ಹೊರಟಿತು. ಒಂದು ತಿರುವಿನಲ್ಲಿ ಅಜ್ಜಿ ಇಳಿದರು. ಇಳಿಯುವಾಗ ಉಳಿದ ವರ್ಕಿಯನ್ನು ಎಣಿಸಿ ನೋಡಿಕೊಂಡರು.

ಕೋಟಗಿರಿಯಲ್ಲಿ ಚಳಿ ಊಟಿಗಿಂತ ಕಡಿಮೆ, ಜುಲೈ ಮಳೆಯೂ ಕಡಿಮೆ. ದೊಡ್ಡಬೆಟ್ಟ ಆ ಮಳೆಯನ್ನು ತಡೆದುಬಿಡುತ್ತದೆ. ಪೇಟೆ ಸಣ್ಣದು, ಎಲ್ಲಿಗೂ ನಡೆದೇ ಹೋಗಬಹುದು. ಕನ್ನೇರಿಮುಕ್ಕಿನಲ್ಲಿ ಜಾನ್ ಸಲಿವನ್ ಬಂಗಲೆ ಇದೆ. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಅವನು 1819ರಲ್ಲಿ ಇಲ್ಲಿಗೆ ಬಂದ. ಊಟಿ ಹುಟ್ಟಿದ್ದು ಆಮೇಲೆ. ಈಗ ಒಳಗೆ ಬೆಟ್ಟದ ಜನರ ಹಳೆಯ ಫೋಟೋಗಳಿವೆ. ಕುರುಂಬರ ಕಾಡುಜೇನು ಬೇಕಾದರೆ ಲಾಸ್ಟ್ ಫಾರೆಸ್ಟ್ ಅಂಗಡಿಗೆ ಹೋಗಿ. ಸ್ವಲ್ಪ ಕಹಿ ಇರುವ ಜೇನು ಕೊಂಡೆ, ಬೆಲೆ ಜಾಸ್ತಿ, ಕೊಟ್ಟಿದ್ದಕ್ಕೆ ಬೇಜಾರಿಲ್ಲ. ಕೋಡನಾಡು ವ್ಯೂಪಾಯಿಂಟಿಗೂ ಸರ್ಕಾರಿ ಬಸ್ಸು ಹೋಗುತ್ತದೆ. ಕೆಳಗೆ ಮೋಯಾರ್ ಕಣಿವೆ ಕಾಣುತ್ತದಂತೆ. ನನಗೆ ಮಂಜು ಬಿಟ್ಟು ಏನೂ ಕಾಣಲಿಲ್ಲ.

ವಾಪಸ್ ಬರುವವರಿಗೆ ಒಂದು ಮಾತು. ಬಂಡೀಪುರ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, ಬೆರಳೆಣಿಕೆಯ ಬಸ್ಸುಗಳನ್ನು ಮಾತ್ರ ಬಿಡುತ್ತಾರೆ. ಮಧ್ಯಾಹ್ನದ ಬಸ್ಸೇ ಹಿಡಿಯಿರಿ. ದಾರಿಯಲ್ಲಿ ಟೀಗೆ ಅಂತ ಎಲ್ಲಾದರೂ ನಿಲ್ಲಿಸುತ್ತಾರೆ. ಅಷ್ಟು ಚಹಾ ತೋಟ ದಾಟಿ ಬಂದು ಅಂಥ ಟೀ ಕುಡಿಯುವ ಕರ್ಮ ನಿಮಗೆ ಬೇಡ. ಊಟಿ ಸ್ಟ್ಯಾಂಡಿನಲ್ಲೇ ಕುಡಿದು ಹತ್ತಿ.