ಹೆಸರಿನ ಪಕ್ಕದ ಆವರಣ

ಮಳೆಗಾಲದ ಸೊಪ್ಪು, ಅಣಬೆ, ಕಳಲೆಗಳ ಚಿತ್ರ ಹಂಚಿಕೊಳ್ಳಲೆಂದು ನಾವು ಕೆಲವರು ಸೇರಿ ಮಾಡಿಕೊಂಡ ವಾಟ್ಸ್‌ಆ್ಯಪ್ ಬಳಗವೊಂದಿದೆ. ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರೇ ಅದರಲ್ಲಿ ಹೆಚ್ಚು. ಅಡ್ಮಿನ್ ಕೆಲಸ ನನ್ನ ಪಾಲಿಗೆ ಬಂದು ಕೆಲವು ವರ್ಷಗಳಾದವು. ಯಾವ ಅಣಬೆ ತಿನ್ನುವಂಥದ್ದು, ಯಾವುದು ವಿಷದ್ದು ಎಂಬ ಜಗಳ ಬಿಡಿಸುವುದೇ ಅಲ್ಲಿ ನನ್ನ ದೊಡ್ಡ ಜವಾಬ್ದಾರಿಯಾಗಿತ್ತು. ಒಂದು ಆಷಾಢದಲ್ಲಿ, ತೀರ್ಥಹಳ್ಳಿ ಕಡೆಯ ಸದಸ್ಯೆಯೊಬ್ಬಳು ತನ್ನ ಹಳೆಯ ಹೆಸರನ್ನು ತೆಗೆದು ಹೊಸ ಹೆಸರು ಹಾಕಿಕೊಂಡು, ಅದರ ಪಕ್ಕದಲ್ಲಿ ಆವರಣದೊಳಗೆ ‘ಅವಳು’ ಎಂದು ಬರೆದಾಗ ನನ್ನ ಕೆಲಸದ ಸ್ವರೂಪವೇ ಬದಲಾಯಿತು. ಅಲ್ಲಿಯವರೆಗೆ ಬಳಗವೆಲ್ಲ ಅವಳನ್ನು ಹುಡುಗನೆಂದೇ ತಿಳಿದಿತ್ತು.

ನಾನು ಮಾಡಿದ ಮೊದಲ ಕೆಲಸವೇ ತಪ್ಪಾಯಿತು. ಅವಳೊಬ್ಬಳೇ ಎದ್ದು ಕಾಣದಿರಲಿ ಎಂಬ ಸದುದ್ದೇಶದಿಂದ, ಎಲ್ಲರೂ ತಮ್ಮ ತಮ್ಮ ಸರ್ವನಾಮವನ್ನು ಹೆಸರಿನ ಪಕ್ಕದಲ್ಲಿ ಬರೆಯಲೇಬೇಕೆಂದು ನಿಯಮ ಮಾಡಿದೆ. ಒಬ್ಬರು ತಮಾಷೆಗೆ ‘ನಾನು’ ಎಂದು ಬರೆದರು. ಅರವತ್ತು ದಾಟಿದ ಹಿರಿಯ ಹೆಂಗಸೊಬ್ಬರು ನಿಯಮಕ್ಕೆ ತಲೆಬಾಗಿ ‘ಅವಳು’ ಎಂದು ಹಾಕಿಕೊಂಡರೆ, ಕಾಲೇಜಿನ ಹುಡುಗನೊಬ್ಬ ಅದನ್ನೇ ನಂಬಿ ‘ಅವಳು ಹೇಳಿದ್ದು ಸರಿ’ ಎಂದು ಬರೆದು ನಾಲ್ಕು ಜನರಿಂದ ಬೈಸಿಕೊಂಡ. ಇವೆಲ್ಲ ನಗುವ ವಿಷಯಗಳು. ನಗಲಾಗದ್ದು ಬೇರೆಯಿತ್ತು. ಇಬ್ಬರು ನನಗೆ ಖಾಸಗಿಯಾಗಿ ಸಂದೇಶ ಕಳಿಸಿ, ನಿಜ ಬರೆದರೆ ಮನೆಯಲ್ಲಿ ತಿಳಿಯುತ್ತದೆ, ಸುಳ್ಳು ಬರೆಯಲು ಮನಸ್ಸಿಲ್ಲ ಎಂದರು. ಅವರಲ್ಲೊಬ್ಬರು ಅದೇ ರಾತ್ರಿ ಬಳಗ ಬಿಟ್ಟುಹೋದರು. ಮರುದಿನ ನಿಯಮವನ್ನು ಹಿಂದಕ್ಕೆ ಪಡೆದೆ. ಹೋದವರು ಮಾತ್ರ ತಿರುಗಿ ಬರಲಿಲ್ಲ.

ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸಿಕೊಳ್ಳುವ ಹಕ್ಕು ವ್ಯಕ್ತಿಯದ್ದು ಎಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದಲ್ಲಿ ಹೇಳಿತು. ನಿರ್ಧಾರ ಅವರದ್ದಾದ ಮೇಲೆ ಅದನ್ನು ಹೇಳಬೇಕೋ, ಯಾರೆದುರು ಹೇಳಬೇಕೋ, ಯಾವಾಗ ಹೇಳಬೇಕೋ ಎಂಬುದೂ ಅವರದ್ದೇ ಆಗಬೇಕಲ್ಲವೇ? 2021ರ ಮೇ ತಿಂಗಳಲ್ಲಿ ಇನ್‌ಸ್ಟಾಗ್ರಾಂ ಕೆಲವು ದೇಶಗಳಲ್ಲಿ ಸರ್ವನಾಮಕ್ಕೆಂದೇ ಬೇರೆ ಜಾಗ ಮಾಡಿಕೊಟ್ಟಾಗಲೂ ಅದನ್ನು ತುಂಬುವುದು ಅವರವರ ಇಷ್ಟಕ್ಕೆ ಬಿಟ್ಟದ್ದಾಗಿತ್ತು, ಮತ್ತು ತಮ್ಮನ್ನು ಹಿಂಬಾಲಿಸುವವರಿಗೆ ಮಾತ್ರ ಕಾಣುವಂತೆ ಇಟ್ಟುಕೊಳ್ಳುವ ಅವಕಾಶವೂ ಇತ್ತು. ಅಷ್ಟು ಸರಳವಾದ ಸಂಗತಿ ನನಗೆ ಹೊಳೆದದ್ದು ಒಬ್ಬರನ್ನು ಕಳೆದುಕೊಂಡ ಮೇಲೆ.

ಆ ಏರ್ಪಾಡುಗಳೆಲ್ಲ ಇಂಗ್ಲಿಷಿನ ಅಳತೆಗೆ ಹೊಲಿದ ಅಂಗಿಗಳು ಎಂಬುದೂ ಆ ವಾರವೇ ಅರ್ಥವಾಯಿತು. ಇಂಗ್ಲಿಷಿನಲ್ಲಿ ಸರ್ವನಾಮವೊಂದನ್ನು ಸರಿಯಾಗಿ ಬಳಸಿದರೆ ಕೆಲಸ ಬಹುಮಟ್ಟಿಗೆ ಮುಗಿಯುತ್ತದೆ. ಅಲ್ಲಿ ಜಗಳ ನಡೆದದ್ದೂ ಆ ಸಣ್ಣ ಪದದ ಸುತ್ತಲೇ. 2019ರ ಅಕ್ಟೋಬರಿನಲ್ಲಿ ಸ್ಟ್ಯಾಕ್ ಎಕ್ಸ್‌ಚೇಂಜ್ ಎಂಬ ಪ್ರಶ್ನೋತ್ತರ ಜಾಲತಾಣ ತನ್ನ ನಡವಳಿಕೆಯ ಸಂಹಿತೆಯನ್ನು ತಿದ್ದಿದಾಗ, ಒಬ್ಬರು ಕೇಳಿಕೊಂಡ ಸರ್ವನಾಮವನ್ನು ಬಳಸದೆ ವಾಕ್ಯವನ್ನೇ ತಿರುಗಿಸಿ ಬರೆದು ತಪ್ಪಿಸಿಕೊಳ್ಳಬಹುದೇ ಎಂಬ ಪ್ರಶ್ನೆ ದೊಡ್ಡ ರಂಪವಾಯಿತು, ಹಲವು ಮೇಲ್ವಿಚಾರಕರು ಕೆಲಸ ಬಿಟ್ಟರು. ಕನ್ನಡದಲ್ಲಿ ಹಾಗೆ ತಪ್ಪಿಸಿಕೊಳ್ಳುವುದು ಸುಲಭವಲ್ಲ. ಸರ್ವನಾಮವನ್ನು ಪೂರ್ತಿ ಬಿಟ್ಟರೂ ‘ಬಂದ’, ‘ಬಂದಳು’, ‘ಬಂದರು’ ಎಂದು ಕ್ರಿಯಾಪದದ ಬಾಲ ಗುಟ್ಟು ಬಿಟ್ಟುಕೊಡುತ್ತದೆ. ‘ನೀನು’ ಎಂಬುದಕ್ಕೆ ಲಿಂಗವಿಲ್ಲ ಎಂದು ನೆಮ್ಮದಿಯಾಗಿರೋಣವೆಂದರೆ ‘ಬಾರೋ’, ‘ಬಾರೇ’, ‘ಕಣೋ’, ‘ಕಣೇ’ಗಳು ಕಾದಿರುತ್ತವೆ. ನಮ್ಮ ಸೀಮೆಯವರಿಗೆ ‘ಮಾರಾಯ’, ‘ಮಾರಾಯ್ತಿ’ ಇಲ್ಲದೆ ಎರಡು ವಾಕ್ಯ ಮುಂದೆ ಹೋಗುವುದೇ ಇಲ್ಲ. ನಾನು ಎಂಬುವವರು ಗಂಡೋ ಹೆಣ್ಣೋ ಇಷ್ಟು ಓದಿದವರಿಗೂ ತಿಳಿದಿರಲಿಕ್ಕಿಲ್ಲ. ಮೊದಲ ಸಾಲುಗಳಲ್ಲಿ ‘ನಾನೂ ಒಬ್ಬ’ ಎಂದೋ ‘ನಾನೂ ಒಬ್ಬಳು’ ಎಂದೋ ಬರಬೇಕಿದ್ದ ಕಡೆ ವಾಕ್ಯವನ್ನು ತಿರುಗಿಸಿದ್ದೇನೆ. ಅಷ್ಟಕ್ಕೇ ಎಷ್ಟು ಹೊತ್ತು ಹಿಡಿಯಿತು ಎಂಬುದು ನನಗೆ ಮಾತ್ರ ಗೊತ್ತು.

ಹಾಗಾದರೆ ‘ಅವರು’ ಇದೆಯಲ್ಲ, ಎಲ್ಲರಿಗೂ ಅದನ್ನೇ ಬಳಸಿದರಾಯಿತು ಎಂದು ಬಳಗದಲ್ಲಿ ಸಲಹೆ ಬಂತು. ಗಂಡು ಹೆಣ್ಣೆಂಬ ಭೇದವಿಲ್ಲದ, ಮರ್ಯಾದೆಯೂ ಸೇರಿದ ಪದ. ಇದಕ್ಕಿಂತ ಒಳ್ಳೆಯ ದಾರಿಯಿಲ್ಲವೆಂದು ನಾನೂ ಒಪ್ಪಿ ಹಾಗೆಯೇ ಬರೆಯತೊಡಗಿದೆ. ಕೆಲವು ದಿನ ಸುಮ್ಮನಿದ್ದು ಅವಳೇ ಫೋನ್ ಮಾಡಿದಳು. “ನನ್ನ ವಾರಗೆಯ ಹುಡುಗಿಯರನ್ನೆಲ್ಲ ಅವಳು ಅಂತೀರಿ, ನನ್ನನ್ನು ಮಾತ್ರ ಅವರು ಅಂತೀರಿ. ಮಣೆ ಹಾಕಿ ಜಗಲಿಯಲ್ಲೇ ಕೂರಿಸಿದ ಹಾಗಾಯ್ತು, ಒಳಗೆ ಬಾ ಅನ್ನಲೇ ಇಲ್ಲ.” ನನ್ನ ಬಳಿ ಉತ್ತರವಿರಲಿಲ್ಲ. ಗಂಡನ್ನೂ ಹೆಣ್ಣನ್ನೂ ಒಪ್ಪಿಕೊಳ್ಳದವರಿಗೆ ‘ಅವರು’ ನಿಜವಾದ ಆಸರೆಯಾಗಬಹುದು. ಅವಳಿಗೆ ಅದು ನಾವು ನಯವಾಗಿ ಬಾಗಿಲು ಹಾಕಿಕೊಂಡ ಬಗೆಯಾಗಿತ್ತು.

ಇದಕ್ಕಿಂತ ಕಷ್ಟವಾದದ್ದು ‘ಅದು’ವಿನ ಪ್ರಕರಣ. ಸದಸ್ಯರೊಬ್ಬರು ಅವಳು ಹಾಕಿದ ಚಿತ್ರದ ಕೆಳಗೆ ‘ಅದು ಹೇಳಿದ ಮೇಲೆ ಮುಗೀತು’ ಎಂದು ಬರೆದರು. ತೆಗೆಸಬೇಕೆಂದು ಮೂವರು ದೂರಿದರು. ಬರೆದವರು ಮಾತ್ರ, ‘ನಮ್ಮ ಸಾಗರದ ಕಡೆ ಹವಿಗನ್ನಡದಲ್ಲಿ ಹೆಂಗಸರಿಗೆ ಹಾಗೇ ಹೇಳುವುದು’ ಎಂದು ವಾದಿಸಿದರು. ಆ ಮಾತು ಸುಳ್ಳಲ್ಲ. ಹವ್ಯಕರ ಮನೆಮಾತಿನಲ್ಲಿ ಅಪ್ಪ ‘ಬಂದ’, ಅಮ್ಮ ‘ಬಂತು’. ಅಕ್ಕನಿಗೂ ಅತ್ತಿಗೆಗೂ ನಪುಂಸಕಲಿಂಗವೇ, ಅದರಲ್ಲಿ ಅವಮಾನದ ಸೋಂಕೂ ಇಲ್ಲ. ಆದರೆ ‘ಇದು’, ‘ಅದು’ ಎಂಬ ಅವೇ ಪದಗಳನ್ನು ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಮೇಲೆ ಕಲ್ಲಿನಂತೆ ಎಸೆಯುವುದನ್ನೂ ನಾವೆಲ್ಲ ಕೇಳಿದವರೇ. ಇಂಥ ಪದವನ್ನು ನಿಷೇಧದ ಪಟ್ಟಿಗೆ ಸೇರಿಸಿದರೆ ಒಂದು ಮನೆಮಾತಿಗೇ ಅನ್ಯಾಯವಾಗುತ್ತದೆ, ಬಿಟ್ಟರೆ ಅವಳಿಗೆ. ನಾನು ಆ ಸದಸ್ಯರ ಹಳೆಯ ಸಂದೇಶಗಳನ್ನು ಕೂತು ಓದಿದೆ. ಅವರು ಬಳಗದಲ್ಲಿ ಹವಿಗನ್ನಡವನ್ನು ಒಂದು ಸಾಲೂ ಬರೆದಿರಲಿಲ್ಲ; ಉಳಿದ ಹೆಂಗಸರಿಗೆಲ್ಲ ‘ಅವರು’, ‘ಮೇಡಂ’ ಎಂದೇ ಬರೆದಿದ್ದರು. ಸಂದೇಶವನ್ನು ಅಳಿಸಿ, ಏಕೆ ಅಳಿಸಿದೆನೆಂದು ಅವರಿಗೆ ಖಾಸಗಿಯಾಗಿ ತಿಳಿಸಿದೆ. ಅವರ ಹಳೆಯ ಸಂದೇಶಗಳಲ್ಲಿ ಒಂದೇ ಒಂದು ‘ಅಕ್ಕ ಬಂಜು’ (ಅಕ್ಕ ಬಂದಿದೆ) ಸಿಕ್ಕಿದ್ದರೂ ನನ್ನ ತೀರ್ಮಾನ ಬೇರೆಯಾಗಬಹುದಿತ್ತು.

ಇನ್ನುಳಿದವರು ನಮ್ಮ ಮೇಷ್ಟ್ರು. ನಿವೃತ್ತರು, ಅವಳಿಗೆ ಹೈಸ್ಕೂಲಿನಲ್ಲಿ ಪಾಠ ಹೇಳಿದವರು. ಅವರು ತಿಂಗಳಾದರೂ ‘ಏನೋ ಮಾರಾಯ’ ಎನ್ನುವುದನ್ನು ಬಿಡಲಿಲ್ಲ. ಬೇಕೆಂದೇ ಮಾಡುತ್ತಾರೆ, ಎಚ್ಚರಿಕೆ ಕೊಡಿ ಎಂದು ಕೆಲವರು ನನ್ನನ್ನು ಒತ್ತಾಯಿಸುತ್ತಿದ್ದರು. ಒಂದು ಸಂಜೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಡೆ ಮಡಚಿಕೊಂಡು ನಿಂತಿದ್ದಾಗ ಸಿಕ್ಕರು. ಹಿಂಜರಿಯುತ್ತಲೇ ವಿಷಯ ತೆಗೆದೆ. ಅವರು ತಬ್ಬಿಬ್ಬಾಗಿ ಫೋನ್ ನನ್ನ ಕೈಗಿಟ್ಟರು. ನೋಡಿದರೆ ಆ ಪರದೆಯ ಮೇಲೆ ಹೊಸ ಹೆಸರೂ ಇಲ್ಲ, ಆವರಣವೂ ಇಲ್ಲ; ಎಷ್ಟೋ ವರ್ಷಗಳ ಹಿಂದೆ ಅವರು ಉಳಿಸಿಟ್ಟುಕೊಂಡ ಹಳೆಯ ಹೆಸರೇ ಇದೆ. ನಂಬರನ್ನು ನಾವು ಯಾವ ಹೆಸರಿನಲ್ಲಿ ಉಳಿಸಿಕೊಂಡಿರುತ್ತೇವೆಯೋ ವಾಟ್ಸ್‌ಆ್ಯಪ್ ನಮಗೆ ಅದನ್ನೇ ತೋರಿಸುತ್ತದೆ. ಅವರವರು ಹಾಕಿಕೊಂಡ ಹೆಸರು ಕಾಣುವುದು ನಂಬರ್ ಉಳಿಸಿಕೊಳ್ಳದವರಿಗೆ ಮಾತ್ರ. ಅವಳನ್ನು ಚಿಕ್ಕಂದಿನಿಂದ ಬಲ್ಲವರಿಗೇ ಅವಳು ಬರೆದದ್ದು ಕಾಣುತ್ತಿರಲಿಲ್ಲ. ಬಳಗದ ಚರ್ಚೆಯನ್ನು ಅವರು ಓದಿರಲೂ ಇಲ್ಲ, ಚಿತ್ರಗಳನ್ನಷ್ಟೇ ನೋಡುವವರು.

“ತಿದ್ದಿಕೊಡು, ನನಗೆ ಇದೆಲ್ಲ ಬರುವುದಿಲ್ಲ” ಎಂದರು. ಹಳೆಯದನ್ನು ಅಳಿಸಿ ಹೊಸ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆಯುವುದನ್ನು ಕನ್ನಡಕ ಏರಿಸಿ ನೋಡುತ್ತಿದ್ದರು. “ಆವರಣದಲ್ಲಿ ಅವಳು ಅಂತಲೂ ಹಾಕಬೇಕಾ?” ಎಂದು ಕೇಳಿದರು. ಹೆಸರು ಸಾಕು ಎಂದೆ. ಆ ರಾತ್ರಿ ಅವಳು ಹಾಕಿದ ಕಳಲೆ ಪಲ್ಯದ ಚಿತ್ರದ ಕೆಳಗೆ ಮೇಷ್ಟ್ರ ಸಂದೇಶ ಬಂದಿತ್ತು. ಒಮ್ಮೆ ಬರೆದು ತಿದ್ದಿದ ಗುರುತೂ ಅದರ ಪಕ್ಕದಲ್ಲಿತ್ತು. ‘ಎಷ್ಟು ದಿನ ನೀರಲ್ಲಿ ನೆನೆಹಾಕಿದ್ದೆ ಮಾರಾಯ್ತಿ? ನಮ್ಮನೆಯದ್ದು ಕಹಿಯೇ ಹೋಗಲಿಲ್ಲ.’